ಅನಾನಸ್ ಮ್ಯಾಗ್ನೆಟ್

"ಈಚೆಗೆ ಗುಂಡಣ್ಣ ಮುತ್ತು ಕೊಟ್ರೆ ಬೆರಳೆಲ್ಲ ಜುಮ್ ಅನ್ನುತ್ತೆ ಕಣೇ" ಎಂದು ಅತ್ತೆ ನಾಚುತ್ತಾ ಹೇಳಿದಾಗ ನಾನು ಬೆಡ್‌ಶೀಟ್ ಮಡಚುತ್ತಿದ್ದೆ. ಗುಂಡಣ್ಣ ಎಂದರೆ ನಮ್ಮ ಅಕ್ವೇರಿಯಂನಲ್ಲಿರುವ ಗೋಲ್ಡ್‌ಫಿಶ್. ಅತ್ತೆ ದಿನಾ ಸಂಜೆ ನೀರಿಗೆ ಕೈ ಇಳಿಸುತ್ತಾರೆ, ಅದು ಬಂದು ಬೆರಳಿಗೆ ಬಾಯಿ ತಾಗಿಸುತ್ತದೆ. ಬೆಡ್‌ಶೀಟ್ ನನ್ನ ಕೈಯಿಂದ ಜಾರಿತು. ಪ್ರೀತಿಗೆ ಬೆರಳು ಜುಮ್ಮೆನ್ನುವುದಿಲ್ಲ, ಕರೆಂಟಿಗೆ ಜುಮ್ಮೆನ್ನುತ್ತದೆ.

ಓಡಿಹೋಗಿ ಪ್ಲಗ್ ಕಿತ್ತೆ. ಮುಚ್ಚಳದೊಳಗಿನ ಲೈಟಿನ ವೈರು ನೀರಿನ ಹಬೆಗೆ ಸಿಪ್ಪೆ ಬಿಟ್ಟುಕೊಂಡು ಕೂತಿತ್ತು. ಗಂಡನಿಗೆ ತೋರಿಸಿದೆ. ಪೇಪರ್ ಮಡಚದೆಯೇ, "ಹೌದಲ್ವಾ! ತಮ್ಮನಿಗೆ ಹೇಳೋಣ" ಎಂದರು. ನಮ್ಮ ಮನೆಯಲ್ಲಿ ತಮ್ಮನಿಗೆ ಹೇಳೋಣ ಎಂದರೆ ಅಲ್ಲಿಗೆ ಇವರ ಕೆಲಸ ಮುಗಿಯಿತು ಎಂದರ್ಥ.

ಈ ತಮ್ಮನಿಗೆ ನಾನಿಟ್ಟ ಹೆಸರು ಸ್ವಿಚ್ಚಪ್ಪ. ಅವನ ಮನೆಯಲ್ಲಿ ಬಚ್ಚಲಿನ ದೀಪ ಹತ್ತಬೇಕಾದರೂ ಫೋನಿನ ಅಪ್ಪಣೆ ಬೇಕು. ಒಮ್ಮೆ ಇಂಟರ್ನೆಟ್ ಹೋಗಿ, ಮೈಗೆಲ್ಲ ಸೋಪು ಹಚ್ಚಿಕೊಂಡು ಕತ್ತಲಲ್ಲಿ ನಿಂತಿದ್ದವನು. ಅವನೇ ಚೀಲ ಹೊತ್ತು ಬಂದು ಹೊಸ ಲೈಟು ಹಾಕಿದ, ಗೋಡೆಗೆ ಒಂದು ಮಾಡ್ಯೂಲ್ ಕೂರಿಸಿದ, ತೊಟ್ಟಿಯ ಅಂಚಿಗೊಂದು ಸೆನ್ಸರ್, ಮುಚ್ಚಳಕ್ಕೊಂದು ಪುಟ್ಟ ಮ್ಯಾಗ್ನೆಟ್ ಅಂಟಿಸಿದ.

"ಅತ್ತಿಗೆ, ಮುಚ್ಚಳ ಎತ್ತಿದ ತಕ್ಷಣ ಮ್ಯಾಗ್ನೆಟ್ ಸೆನ್ಸರಿನಿಂದ ದೂರ ಆಗಿ ಲೈಟು, ಪಂಪು, ಎಲ್ಲಕ್ಕೂ ಕರೆಂಟ್ ಕಟ್. ಲೈಟು ಹೊಸದೇ ಆದ್ರೂ ನೀರಿನ ವಿಷಯದಲ್ಲಿ ನಂಬೋ ಹಾಗಿಲ್ಲ. ಅಮ್ಮ ಏನೂ ನೆನಪಿಟ್ಕೋಬೇಕಾಗಿಲ್ಲ."

ಜೀವನದಲ್ಲಿ ಮೊದಲ ಸಲ ಅವನಿಗೆ ಎರಡನೇ ಲೋಟ ಕಾಫಿ ಕೊಟ್ಟೆ. ಆ ಸಂತೋಷ ಸಂಜೆಯವರೆಗೂ ಬಾಳಲಿಲ್ಲ.

ಅತ್ತೆ ಮುಚ್ಚಳ ಎತ್ತಿದರು. ಲೈಟು ಆರಿತು. ಗುಂಡಣ್ಣ ಬೆಚ್ಚಿ ತಳದ ಮಡಕೆಯೊಳಗೆ ನುಗ್ಗಿದವನು ಹೊರಗೆ ತಲೆ ಹಾಕಲಿಲ್ಲ. ಹಾಲ್‌ನ ದೀಪ ಹಾಕಿದರೆ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತಿತ್ತು, ತೊಟ್ಟಿ ಇದ್ದ ಮೆಟ್ಟಿಲ ಕೆಳಗಿನ ಮೂಲೆಗೆ ಬೆಳಕು ಇಳಿಯುತ್ತಿರಲಿಲ್ಲ. ಮರುದಿನವೂ ಅದೇ ಕಥೆ. "ನನ್ನ ಕೈಗೂ ಮೀನಿಗೂ ಮಧ್ಯೆ ಇವನ್ಯಾವನು?" ಎಂದು ಅತ್ತೆ ಮಾಡ್ಯೂಲಿಗೆ ಶಾಪ ಹಾಕಿದರು. ಅಪ್ಪಿತಪ್ಪಿ ನಾನು ಎದುರಿಗೆ ಸಿಕ್ಕರೆ ಆ ಶಾಪದಲ್ಲಿ ನನಗೂ ಪಾಲು.

ಜೋರು ಮಾಡೋಣವೆಂದರೆ ಬಾಯಿ ಬರುತ್ತಿರಲಿಲ್ಲ. ಆ ಮೀನು ಮೊದಲು ಬರುತ್ತಿದ್ದದ್ದು ಮಾವನ ಕೈಗೆ ಮಾತ್ರ. ಮಾವ ಹೋದ ಮೇಲೆ ಅದು ತಳ ಹಿಡಿದು ಮಲಗಿತ್ತು. ಅತ್ತೆ ತಿಂಗಳುಗಟ್ಟಲೆ ನೀರಲ್ಲಿ ಕೈ ಇಟ್ಟು ಕೂತು ಅದನ್ನು ಒಲಿಸಿಕೊಂಡದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಅವರ ಮೇಲಿನ ಕೋಪವನ್ನೆಲ್ಲ ಗಂಡನ ಮೇಲೆ ತೀರಿಸಿಕೊಂಡೆ. ಅವರು ಪೇಪರಿನ ಪುಟ ತಿರುವಿದರು.

ಇದ್ದಕ್ಕಿದ್ದಂತೆ ಅತ್ತೆ ತಣ್ಣಗಾದರು. ಶಾಪವಿಲ್ಲ, ಗೊಣಗಾಟವಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಫ್ರಿಜ್ಜಿನ ಬಾಗಿಲಿನ ಮೇಲಿದ್ದ ಅನಾನಸ್ ಆಕಾರದ ಮ್ಯಾಗ್ನೆಟ್ ಕಾಣೆಯಾದದ್ದೂ ಆಗಲೇ. ಅದಕ್ಕೂ ಗಂಡನನ್ನೇ ಬೈದೆ.

ಒಂದು ಸಂಜೆ ತರಕಾರಿಗೆಂದು ಹೊರಟವಳು ಚೀಲ ಮರೆತು ಹಿಂದಿರುಗಿದೆ. ತೊಟ್ಟಿಯ ಮುಚ್ಚಳ ತೆರೆದಿತ್ತು. ಲೈಟು ಝಗಮಗ ಉರಿಯುತ್ತಿತ್ತು. ಅತ್ತೆಯ ಕೈ ಮೊಣಕೈವರೆಗೆ ನೀರಲ್ಲಿತ್ತು. ಸೆನ್ಸರಿನ ಮೈಗೆ ಟೇಪು ಸುತ್ತಿ ಅನಾನಸ್ ಕೂರಿಸಿದ್ದರು. ಪಾಪ, ಸೆನ್ಸರು ಮುಚ್ಚಳ ಮುಚ್ಚಿದೆಯೆಂದೇ ನಂಬಿಕೊಂಡಿತ್ತು.

"ಅತ್ತೆ!" ಎಂದು ಕಿರುಚಿ ಒಂದೇ ನೆಗೆತಕ್ಕೆ ಅನಾನಸ್ ಕಿತ್ತೆ. ಲೈಟು ಆರಿತು. ಅನಾನಸ್ ಕೈಜಾರಿ ಸ್ಟ್ಯಾಂಡಿನ ಕೆಳಗೆ ಉರುಳಿತು.

"ನಿಮಗೇನು ತಲೆ ಕೆಟ್ಟಿದ್ಯಾ? ಏನಾದ್ರೂ ಆಗಿದ್ರೆ?"

"ಆಗ್ಲಿ ಬಿಡು."

"ಆಗ್ಲಿ ಬಿಡು ಅಂದ್ರೆ? ನಾವೇನು ಸತ್ತಿದ್ದೀವಾ?"

ಅತ್ತೆ ಕೈ ನೀರಿನಿಂದ ತೆಗೆಯಲೇ ಇಲ್ಲ. "ಕತ್ತಲಲ್ಲಿ ಅದು ಬರಲ್ಲ ಕಣೇ. ಆ ಒಂದು ಗಳಿಗೆಗೆ ನಾನು ಬೆಳಗಿನಿಂದ ಕಾಯ್ತಾ ಇರ್ತೀನಿ. ನಿಮಗೆಲ್ಲ ಕೆಲಸ ಇದೆ."

ನನ್ನ ಕೋಪವೇನೋ ಹಾಗೇ ಇತ್ತು. ಅಳು ಬಂದದ್ದು ಕಾಣಬಾರದೆಂದು ಫೋನಿನ ಟಾರ್ಚ್ ಹಾಕಿಕೊಂಡು ಹಾಳು ಅನಾನಸ್ ಹುಡುಕಲು ಬಗ್ಗಿದೆ. ಏಳುವಾಗ ಬೆಳಕು ಗಾಜಿನ ಮೇಲೆ ಬಿತ್ತು.

"ಅಲ್ಲಾಡ್ಬೇಡ," ಅತ್ತೆ ಪಿಸುಗುಟ್ಟಿದರು.

ಮಡಕೆಯ ಬಾಯಲ್ಲಿ ಗುಂಡಣ್ಣನ ಮೂತಿ ಕಾಣಿಸಿತು. ಬೆಳಕಿನ ದಾರಿಯಲ್ಲೇ ನಿಧಾನಕ್ಕೆ ಮೇಲೆ ಬಂದು ಅತ್ತೆಯ ಬೆರಳಿಗೆ ಬಾಯಿ ಇಟ್ಟಿತು.

"ಜುಮ್ ಅಂತಾ?" ನಾನೂ ಪಿಸುಗುಟ್ಟಿದೆ.

"ಇಲ್ಲ. ಬರೀ ಮುತ್ತು."

ಅಂದಿನಿಂದ ಸಂಜೆಯಾದರೆ "ಬಾರೇ, ಹೊತ್ತಾಯ್ತು" ಎಂಬ ಕೂಗು. ಒಲೆ ಆರಿಸಿ ಓಡಬೇಕು. ಮುಚ್ಚಳ ಎತ್ತುತ್ತಾರೆ, ಕರೆಂಟ್ ಹೋಗುತ್ತದೆ, ನಾನು ಟಾರ್ಚ್ ಹಿಡಿದು ನಿಲ್ಲುತ್ತೇನೆ. ರಟ್ಟೆ ಬಿದ್ದುಹೋಗುತ್ತದೆ. ಸ್ವಲ್ಪ ಅಲುಗಿದರೂ ಬೈಗುಳ.

ಭಾನುವಾರ ಬಂದ ಸ್ವಿಚ್ಚಪ್ಪ ನನ್ನ ಅವಸ್ಥೆ ನೋಡಿ ಕಣ್ಣರಳಿಸಿದ. "ಅತ್ತಿಗೆ, ಇದಕ್ಯಾಕೆ ನೀವು? ಒಂದು ಬ್ಯಾಟರಿ ಲೈಟು, ಇನ್ನೊಂದು ಮಾಡ್ಯೂಲ್ ಹಾಕಿದ್ರೆ ಆಯ್ತು, ಎಲ್ಲ ಆಟೊಮ್ಯಾಟಿಕ್!"

ನಾನು ಹ್ಞೂಂ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, ಮೀನಿನ ಮೇಲಿಂದ ಕಣ್ಣು ಕೀಳದೆ, "ಸುಮ್ನಿರೋ. ಇದು ಚೆನ್ನಾಗೇ ಕೆಲಸ ಮಾಡ್ತಿದೆ" ಎಂದರು.

ಇದು ಎಂದರೆ ನಾನು. ಟಾರ್ಚನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.