ಅಮ್ಮನ ಪಾಲಿನ ಹಲಾಲ್

ಹಾರೆ ಮೂರನೆಯ ಬಾರಿಯೂ ಅದೇ ಕಲ್ಲಿಗೆ ಬಡಿದಾಗ ನೆಜೀರನ ಕೈ ಮೊಣಕೈವರೆಗೆ ಜುಮ್ಮೆಂದಿತು. ಗುಂಡಿ ಸೊಂಟದ ಆಳಕ್ಕೆ ಬಂದಿತ್ತು. ಇನ್ನೂ ಒಂದೂವರೆ ಮೊಳ ತೋಡಬೇಕಿತ್ತು.

"ಆ ಕಡೆಯಿಂದ ಮೀಟು," ಎಂದ ಮೇಲೆ ನಿಂತಿದ್ದ ಸ್ಮಾಯೊ. ಎಪ್ಪತ್ತು ದಾಟಿದ ನೆರೆಯವನು. ಬೆಳಗಿನಿಂದ ಸಲಿಕೆ ಹಿಡಿದಿದ್ದನೇ ಹೊರತು ಅದನ್ನು ನೆಲಕ್ಕೆ ತಾಗಿಸಿರಲಿಲ್ಲ. "ಹಿಲ್ಮಿಯಾ ಬದುಕಿದ್ದಾಗ ಬೆಂಚಿನ ತುದೀಲಿ ಕೂರ್ತಿದ್ದ. ಸತ್ತ ಮೇಲೆ ನೋಡು, ಎಷ್ಟು ಜಾಗ ಬೇಕಂತೆ."

"ನೀನೂ ಇಳಿ ಚಿಕ್ಕಪ್ಪ, ನಿನ್ನ ಅಳತೇನೂ ನೋಡೋಣ."

"ನನ್ನ ಅಳತೆ ಯುದ್ಧದಲ್ಲೇ ತಗೊಂಡಿದ್ರು. ಹೊಂದಲಿಲ್ಲ, ಆಸ್ಪತ್ರೇಲಿ ಬಿಟ್ಟು ಹೋದ್ರು." ಸ್ಮಾಯೊ ಬೀಡಿಯಷ್ಟು ಸಣ್ಣಗೆ ಸುತ್ತಿದ ಸಿಗರೇಟು ಹಚ್ಚಿದ. "ವಿಚಿತ್ರದ ಮನುಷ್ಯ ಕಣೋ. ಅಷ್ಟು ಇಂಗ್ಲಿಷ್ ಬರ್ತಿತ್ತು. ಹೋದ ಬೇಸಿಗೇಲಿ ಯಾರೋ ಪರದೇಶದವರು ಕಾರು ನಿಲ್ಲಿಸಿ ದಾರಿ ಕೇಳಿದ್ರೆ, ಮೂಗನ ಹಾಗೆ ಬರೀ ಕೈ ತೋರಿಸ್ದ."

"ಮರ್ತಿರಬೇಕು."

"ಅದೇನು ಕೊಡೆನಾ, ಬಸ್ಸಲ್ಲಿ ಮರ್ತು ಬರೋಕೆ?"

ನೆಜೀರ ಮತ್ತೆ ಹಾರೆ ಎತ್ತಿದ.

ಬೆಳಿಗ್ಗೆ ಹೊರಡುವಾಗ ಅವನ ತಾಯಿ ಹಾನ್ಕಾ ಒಂದು ಕೆಲಸ ಒಪ್ಪಿಸಿದ್ದಳು. ಆ ಊರಲ್ಲಿ ಹೆಣದ ಮುಂದೆ ನಮಾಜು ಮುಗಿದ ಮೇಲೆ ಇಮಾಮರು ಸೇರಿದವರನ್ನು ಮೂರು ಸಲ ಕೇಳುತ್ತಾರೆ: ಇವನಿಂದ ನಿಮಗಾದದ್ದನ್ನೆಲ್ಲ ಬಿಟ್ಟುಕೊಡುತ್ತೀರಾ? ಬಿಟ್ಟುಕೊಟ್ಟವರು "ಹಲಾಲ್" ಎನ್ನುತ್ತಾರೆ. ಹೆಂಗಸರು ಅಲ್ಲಿಗೆ ಹೋಗುವುದಿಲ್ಲ.

"ನಂದೂ ಹೇಳಿಬಿಡು ಮಗ," ಎಂದಿದ್ದಳು ಹಾನ್ಕಾ. "ನಂದೊಂದು, ನಿಂದೊಂದು. ಜೋರಾಗಿ ಹೇಳು. ಇಪ್ಪತ್ತು ವರ್ಷ ನಮಗೆ ಸೌದೆ ಒಡೆದು ಹಾಕ್ದ. ಒಂದು ಕಾಫಿಗೂ ಒಳಗೆ ಬರಲಿಲ್ಲ ಪುಣ್ಯಾತ್ಮ."

"ನಿಂಗೆ ಅವನ ಮೇಲೆ ಏನೂ ಇಲ್ವಾ ಅಮ್ಮ?"

"ಅವನ ಮೇಲೆ ಏನಿರತ್ತೆ? ಆ ಆಫೀಸರು ಹೇಳಿದ್ದನ್ನ ನಮ್ಮ ಭಾಷೇಲಿ ಹೇಳ್ದ, ಅಷ್ಟೆ. ಸುಳ್ಳು ಹೇಳಿದ್ದು ಆ ನೀಲಿ ಟೋಪಿಯವನು. ಅವನಿಗೆ ಮಾತ್ರ ನಾನು ಬಿಡಲ್ಲ."

*

ಬೋಸ್ನಿಯಾದ ಯುದ್ಧದ ನಾಲ್ಕನೆಯ ಬೇಸಿಗೆ. ಎದುರು ಬೆಟ್ಟದಿಂದ ಸರ್ಬ್ ಪಡೆಯ ತೋಪುಗಳು ಐದು ದಿನದಿಂದ ಬಿಡುವಿಲ್ಲದೆ ಹೊಡೆಯುತ್ತಿದ್ದವು. ನಲವತ್ತು ಮನೆಗಳಲ್ಲಿ ಉಳಿದಿದ್ದ ಎಂಬತ್ತಮೂರು ಜನ ಶಾಲೆಯ ಅಂಗಳಕ್ಕೆ ಬಂದು ಸೇರಿದ್ದರು. ನೀಲಿ ಟೋಪಿಯ ಶಾಂತಿಪಾಲಕರ ಠಾಣೆ ಅಲ್ಲಿತ್ತು. ಒಂದು ಗಂಟೆಯ ಹಿಂದೆ ಬಾವಿಕಟ್ಟೆಯ ಮೇಲೆ ಗುಂಡು ಬಿದ್ದು, ನೀರಿಗೆ ಹೋಗಿದ್ದ ಹೆಂಗಸಿನ ಒಂದು ಕೈ ಬಕೆಟ್ಟಿನ ಹಿಡಿಯನ್ನು ಬಿಡದೆ ಅಂಗಳದವರೆಗೆ ಹಾರಿ ಬಂದಿತ್ತು. ಅದರ ಮೇಲೆ ಯಾರೋ ಗೋಣಿ ಹಾಕಿದ್ದರು.

ಮೆಟ್ಟಿಲ ಮೇಲೆ ಆಫೀಸರು ನಿಂತಿದ್ದ. ಇಪ್ಪತ್ತೈದು ವರ್ಷ ಇರಬಹುದು. ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು. ಪಕ್ಕದಲ್ಲಿ ದುಭಾಷಿ ಹಿಲ್ಮಿಯಾ. ಮೆಟ್ಟಿಲ ಕೆಳಗೆ, ಒಂಟಿಗಾಲಿಯ ತಳ್ಳುಗಾಡಿಯಲ್ಲಿ, ಎದ್ದು ಕೂರಲಾರದ ಹಿಲ್ಮಿಯಾನ ತಾಯಿ.

ಆಫೀಸರು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳಿದ. ಆ ತೋಪುಗಳ ಮೇಲೆ ಬಾಂಬು ಹಾಕಲು ವಿಮಾನ ಕಳಿಸಿ ಎಂದು ಏಳು ಸಲ ಕೇಳಿದ್ದೇನೆ. ಯಾವ ರಾಜಧಾನಿಯೂ ಉತ್ತರ ಕೊಟ್ಟಿಲ್ಲ. ಬರುತ್ತವೆ ಎಂದು ನಾನು ಹೇಳಲಾರೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಈಗಲೇ ಕಾಡು ಹಿಡಿಯುತ್ತಿದ್ದೆ.

ಹಿಲ್ಮಿಯಾ ಒಮ್ಮೆ ತಳ್ಳುಗಾಡಿಯ ಕಡೆ ನೋಡಿದ. ಆಮೇಲೆ ಜನರ ಕಡೆ ತಿರುಗಿದ.

"ಬೆಳಿಗ್ಗೆ ಆರಕ್ಕೆ ವಿಮಾನ ಬರುತ್ವೆ ಅಂತಾನೆ. ಯಾರೂ ಕದಲಬೇಡಿ. ಕಾಡಿನ ತುಂಬ ಮೈನು ಹುಗಿದಿದಾರಂತೆ."

ಅಂಗಳ ಒಂದೇ ಉಸಿರು ಬಿಟ್ಟಿತು. ನೆಜೀರನ ಅಪ್ಪ ಅವ್ದೋ ಗೋಡೆಗೆ ಒರಗಿ ಕೂತು ಹೊಗೆಸೊಪ್ಪು ಹುಡುಕಿದ.

ನೆಜೀರನಿಗೆ ಆಗ ಹತ್ತೊಂಬತ್ತು. ಪೇಟೆಯ ಶಾಲೆಯಲ್ಲಿ ನಾಲ್ಕು ವರ್ಷ ಇಂಗ್ಲಿಷ್ ಓದಿದ್ದ. ಅವನು ಬಾಯಿ ತೆರೆದ. ಅಷ್ಟರಲ್ಲಿ ತಲೆಯೊಳಗೆ ಒಂದು ಲೆಕ್ಕ ಬಂತು: ಎಂಬತ್ತಮೂರು ಜನ ಕಾಡಿಗೆ ಹೋಗುವ ಗುಡ್ಡದ ಏಣಿನ ದಾರಿ ಹತ್ತಿದರೆ ತೋಪಿನವರಿಗೆ ಕಾಣುತ್ತದೆ, ಒಬ್ಬ ಹತ್ತಿದರೆ ಕಾಣುವುದಿಲ್ಲ. ಅವನು ಬಾಯಿ ಮುಚ್ಚಿದ. ಮೇಕೆ ತಪ್ಪಿಸಿಕೊಂಡಿದೆ, ಹಿಡಿದು ತರುತ್ತೇನೆಂದು ಅಮ್ಮನಿಗೆ ಹೇಳಿ ಕತ್ತಲಾಗುವ ಮುಂಚೆ ಹೊರಟ.

ಮರುದಿನ ಬೆಳಿಗ್ಗೆ ಆರಕ್ಕೆ ಬಂದದ್ದು ಟ್ಯಾಂಕುಗಳು. ಏಣಿನ ಮೇಲಿನ ಪೊದೆಯಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಅವನು ಎಲ್ಲವನ್ನೂ ನೋಡಿದ. ಹೆಂಗಸರನ್ನು ಬಂದೂಕಿನ ಹಿಡಿಯಿಂದ ತಿವಿದು ಬಸ್ಸಿಗೆ ತುಂಬಿದರು. ಗಂಡಸರು, ಹುಡುಗರು ಸೇರಿ ಮೂವತ್ತೊಂದು ಜನರನ್ನು ಶಾಲೆಯ ಗೋಡೆಗೆ ನಿಲ್ಲಿಸಿದರು. ಹಾಗೆ ನಿಲ್ಲಿಸಿದ ಸೈನಿಕರಲ್ಲಿ ಇಬ್ಬರು ಅದೇ ಶಾಲೆಯಲ್ಲಿ ಓದಿದವರು. ನೆಜೀರನ ತಮ್ಮ ಎನೆಸ್, ಹದಿನೈದು ವರ್ಷದವನು, ಸಾಲಿನ ಕೊನೆಯಲ್ಲಿ ಅಣ್ಣನ ಕೋಟು ಹಾಕಿಕೊಂಡು ನಿಂತಿದ್ದ. ತೋಳು ಉದ್ದವಾಗಿ ಅವನ ಅಂಗೈ ಕಾಣುತ್ತಿರಲಿಲ್ಲ. ಬಿದ್ದವರಲ್ಲಿ ಅಲುಗಿದವರ ಮೇಲೆ ಇನ್ನೊಮ್ಮೆ ಹೊಡೆದರು. ತಳ್ಳುಗಾಡಿಯ ಮುದುಕಿಗೆ ಗುಂಡು ಖರ್ಚು ಮಾಡಲಿಲ್ಲ. ಬಂದೂಕಿನ ಹಿಡಿಯಲ್ಲೇ ಮುಗಿಸಿದರು. ಹಿಲ್ಮಿಯಾ ನೀಲಿ ಟೋಪಿಯವರ ಬಿಳಿಯ ಗಾಡಿಯಲ್ಲಿದ್ದ. ಅವರ ಸಿಬ್ಬಂದಿಯ ಪಟ್ಟಿಯಲ್ಲಿ ಅವನ ಹೆಸರಿತ್ತು.

*

ಗುಂಡಿ ಸಿದ್ಧವಾದ ಮೇಲೆ, ಮಧ್ಯಾಹ್ನ, ಅರವತ್ತು ಗಂಡಸರು ನಾಲ್ಕು ಸಾಲಾಗಿ ನಿಂತರು. ಹಲಗೆಯ ಪೆಟ್ಟಿಗೆಗೆ ಹಸಿರು ಬಟ್ಟೆ ಹೊದಿಸಿತ್ತು. ಇಮಾಮರು ಯುದ್ಧ ಮುಗಿದ ಮೇಲೆ ಹುಟ್ಟಿದವರು.

"ಅಣ್ಣತಮ್ಮಂದಿರೇ, ಹಿಲ್ಮಿಯಾ ನಿಮ್ಮ ನಡುವೆ ಬಾಳಿದವರು. ಅವರಿಂದ ನಿಮಗಾದದ್ದನ್ನ ಬಿಟ್ಟುಕೊಡ್ತೀರಾ?"

"ಹಲಾಲ್," ಎಂದವು ಸಾಲುಗಳು.

ನೆಜೀರ ಹೇಳಲಿಲ್ಲ. ಬೇಡ ಎಂದರೆ ಏಕೆಂದು ಕೇಳುತ್ತಾರೆ. ಏಕೆಂದು ಹೇಳಿದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ.

"ಬಿಟ್ಟುಕೊಡ್ತೀರಾ?"

"ಹಲಾಲ್."

ಪಕ್ಕದಲ್ಲಿದ್ದ ಸ್ಮಾಯೊ ಮೊಣಕೈಯಿಂದ ತಿವಿದ. "ಬಾಯಲ್ಲೇನು ಮಣ್ಣು ಇಟ್ಕೊಂಡಿದೀಯಾ?"

ಮೂರನೆಯ ಸಲ, ಉಳಿದವರೆಲ್ಲ ಹೇಳಿ ಮುಗಿಸಿದ ಮೇಲೆ, ನೆಜೀರನ ದನಿ ಒಂಟಿಯಾಗಿ ಎದ್ದಿತು: "ಹಲಾಲ್." ಸ್ಮಾಯೊ ತಲೆಯಾಡಿಸಿದ. ಅದು ತಾಯಿಯದು. ಆಕೆ ಒಪ್ಪಿಸಿದ್ದಳು, ಅವನು ತಲುಪಿಸಿದ್ದ. ತಿಳಿಯದೆ ಕೊಟ್ಟದ್ದು ಅದು ಎಂಬುದು ಅವನೊಬ್ಬನಿಗೆ ಗೊತ್ತಿತ್ತು. ಹೇಳಬೇಕಾದದ್ದು ಎರಡು, ಹೇಳಿದ್ದು ಒಂದು. ಆ ಗುಂಪಿನಲ್ಲಿ ಯಾರೂ ವ್ಯತ್ಯಾಸ ಕಂಡುಹಿಡಿಯಲಾರರು.

ಪೆಟ್ಟಿಗೆ ಹೆಗಲಿಂದ ಹೆಗಲಿಗೆ ದಾಟಿ ಗುಂಡಿಗೆ ಬಂತು. ಕಾಲು ಗಂಟೆಯಲ್ಲಿ ಮಣ್ಣು ಮುಚ್ಚಿದರು.

*

ಹಾನ್ಕಾ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ನಂದು ಹೇಳಿದ್ಯಾ?"

"ಹೇಳ್ದೆ."

"ಜೋರಾಗಿ?"

"ಎಲ್ಲರಿಗೂ ಕೇಳಿಸ್ತು."

"ನಿಂದು?"

ನೆಜೀರ ಹೊಸ್ತಿಲಲ್ಲೇ ನಿಂತ. ಆಮೇಲೆ ಅಂದು ಆಫೀಸರು ಹೇಳಿದ ನಾಲ್ಕು ವಾಕ್ಯಗಳನ್ನು ಅದೇ ಕ್ರಮದಲ್ಲಿ, ಒಂದು ಮಾತು ಸೇರಿಸದೆ ಒಂದು ಮಾತು ಬಿಡದೆ, ತಾಯಿಯ ಭಾಷೆಯಲ್ಲಿ ಹೇಳಿದ.

ಹಾನ್ಕಾಳ ಬೆರಳು ನಿಂತವು.

"ನಿಂಗೆ ಅರ್ಥ ಆಗಿತ್ತಾ? ಆವಾಗಲೇ?"

"ಆವಾಗಲೇ."

"ನಾನೆಷ್ಟು ದೂರ ಇದ್ದೆ?"

"ನಾಲ್ಕು ಹೆಜ್ಜೆ."

"ಎನೆಸ್?"

"ನನ್ನ ಪಕ್ಕ. ರಾತ್ರಿ ಚಳಿ ಆಗತ್ತೆ ಅಂತ ಕೋಟು ಕೇಳ್ದ. ಕೊಟ್ಟೆ."

"ಮೇಕೆ?"

"ಮೇಕೆ ಕೊಟ್ಟಿಗೇಲೇ ಇತ್ತು ಅಮ್ಮ."

ಆಕೆ ಎದ್ದಾಗ ಕಾಯಿಗಳು ನೆಲಕ್ಕೆ ಚೆಲ್ಲಿದವು. ತಲೆವಸ್ತ್ರ ಬಿಗಿದಳು, ಬಾಗಿಲ ಹಿಂದಿನ ಕೋಲು ತೆಗೆದುಕೊಂಡಳು. ಎರಡು ವರ್ಷದಿಂದ ಅಂಗಳ ದಾಟದವಳು ಸ್ಮಶಾನದ ದಿಬ್ಬ ಹತ್ತತೊಡಗಿದಳು. ಅವನು ಚಾಚಿದ ಕೈಯನ್ನು ನೋಡಲಿಲ್ಲ.

ಮೇಲೆ ಯಾರೂ ಉಳಿದಿರಲಿಲ್ಲ. ಹಾನ್ಕಾ ಉಸಿರು ಹಿಡಿಯುವವರೆಗೆ ನಿಂತಳು. ಆಮೇಲೆ ಎರಡೂ ಕೈಯಲ್ಲಿ ಕೋಲೆತ್ತಿ ಹೊಸ ಮಣ್ಣಿನ ದಿಣ್ಣೆಗೆ ಬಡಿದಳು. ಏಳು ಏಟು. ಎಂಟನೆಯದು ಮಗನ ಭುಜಕ್ಕೆ, ಒಂಬತ್ತನೆಯದು ಕಿವಿಗೆ ಬಿತ್ತು. ರಕ್ತ ಕುತ್ತಿಗೆಗೆ ಇಳಿದು ಅಂಗಿಯ ಕೊರಳಪಟ್ಟಿಯಲ್ಲಿ ನಿಂತಿತು. ಅವನು ಅಲುಗಲಿಲ್ಲ. ಹತ್ತನೆಯದನ್ನು ಆಕೆ ಮತ್ತೆ ದಿಣ್ಣೆಗೆ, ಮೊನೆ ಕೆಳಗಾಗಿ, ಇರಿದಳು. ಸಡಿಲ ಮಣ್ಣಿನಲ್ಲಿ ಕೋಲು ಅರ್ಧ ಇಳಿಯಿತು. ಎರಡು ಸಲ ಜಗ್ಗಿದಳು, ಬರಲಿಲ್ಲ.

ನೆಜೀರ ಕೀಳಲು ಬಾಗಿದ.

"ಮುಟ್ಟಬೇಡ."

ಹಾನ್ಕಾ ಇಳಿಜಾರಿನ ಕಡೆ ತಿರುಗಿದಳು. ಪಕ್ಕದಲ್ಲಿ ಬಿಳಿಯ ಕಲ್ಲುಗಳ ಸಾಲು ಕೆಳಗಿನವರೆಗೆ ಹಬ್ಬಿತ್ತು. ಎಲ್ಲದರ ಮೇಲೂ ಒಂದೇ ತಾರೀಖು. ಮೊದಲ ಕಲ್ಲಿನ ತಲೆ ಹಿಡಿದು ಒಂದು ಹೆಜ್ಜೆ ಇಳಿದಳು, ಎರಡನೆಯದಕ್ಕೆ ಕೈ ದಾಟಿಸಿದಳು. ಅವ್ದೋನ ಕಲ್ಲು, ಎನೆಸನ ಕಲ್ಲು, ಯಾವುದರ ಬಳಿಯೂ ನಿಲ್ಲಲಿಲ್ಲ. ಸಾಲು ಮುಗಿದ ಮೇಲೆ ಗೇಟಿನವರೆಗೆ ಬರಿಯ ಹುಲ್ಲು, ಹಿಡಿಯಲು ಏನೂ ಇರಲಿಲ್ಲ. ಆಕೆ ಹಿಂದಿರುಗಿ ನೋಡಲಿಲ್ಲ. ನೆಲದ ಮೇಲೆ ಕೂತಳು. ಎರಡೂ ಅಂಗೈ ಊರಿ, ಮೈಯನ್ನು ಸ್ವಲ್ಪ ಸ್ವಲ್ಪವಾಗಿ ಎಳೆದುಕೊಳ್ಳುತ್ತ, ಕೂತಂತೆಯೇ ಇಳಿಯತೊಡಗಿದಳು.