ಹುಲ್ಲಿನಲ್ಲಿ ಹಿತ್ತಾಳೆ

ಡೆಲ್ಲಾ ಬಾವುಟದ ಒಂದು ತುದಿ ಹಿಡಿದು ಎಳೆದಳು. ಇನ್ನೊಂದು ತುದಿಯನ್ನು ಅಣ್ಣ ವೇಡ್ ಬಿಡಲಿಲ್ಲ. ಇಬ್ಬರ ನಡುವೆ, ಮುಚ್ಚಿದ ಶವಪೆಟ್ಟಿಗೆಯಲ್ಲಿ, ಅಪ್ಪ ಮಲಗಿದ್ದ.

"ಬಿಡೇ, ಹೊದಿಸ್ತೀನಿ," ಎಂದ ವೇಡ್. "ಯಾವನು ಬಂದು ಕಿತ್ಕೋತಾನೋ ನೋಡೋಣ."

"ಇದು ಸೈನ್ಯದವರು ಅಪ್ಪಂಗೆ ಕೊಟ್ಟಿದ್ದಲ್ಲ. ಅಂಗಡೀಲಿ ತಂದಿದ್ದು."

"ಎಲ್ಲಾ ಬಾವುಟಾನೂ ಯಾವುದೋ ಅಂಗಡೀದೇ ಕಣೇ."

ಅದು ಮನೆಯ ಜಗಲಿ ಕಂಬಕ್ಕೆ ಕಟ್ಟುವ ಬಾವುಟ. ಹಗ್ಗ ಪೋಣಿಸಲು ಅಂಚಿನಲ್ಲಿ ಎರಡು ಲೋಹದ ಬಳೆಗಳಿದ್ದವು. ಸೈನಿಕರ ಪೆಟ್ಟಿಗೆಗೆ ಹೊದಿಸುವ ಬಾವುಟ ಇದಕ್ಕಿಂತ ಬಹಳ ದೊಡ್ಡದು, ನಾಲ್ಕೂ ಕಡೆ ಇಳಿಬಿದ್ದು ಪೆಟ್ಟಿಗೆಯ ಹಿಡಿಗಳನ್ನು ಮುಚ್ಚುತ್ತದೆ. ಇದು ಎದೆಯ ಹತ್ತಿರ ಶುರುವಾಗಿ ಮೊಣಕಾಲಿಗೇ ಮುಗಿದಿತ್ತು.

"ಗಿಡ್ಡ ಲಂಗ ಹಾಕ್ದಂಗಿದೆ," ಎಂದಳು ಮೂಲೆಯ ಕುರ್ಚಿಯಿಂದ ಓಪಲ್ ಅತ್ತೆ. ಅವಳು ಅಪ್ಪನ ಅಕ್ಕ. "ಸುಡು ಬಿಸಿಲಲ್ಲೂ ಒಂದು ದಿನ ಚಡ್ಡಿ ಹಾಕಿದವನಲ್ಲ ನನ್ನ ತಮ್ಮ. ಈಗ ಊರೆದುರಿಗೆ ಅವನ ಮಾನ ಯಾಕಪ್ಪಾ ತೆಗೀತೀಯ?"

ವೇಡ್‌ಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿಕೊಂಡವು. ಬಾವುಟವನ್ನು ಬಿಟ್ಟು ಕಿಟಕಿಯ ಕಡೆ ತಿರುಗಿ ನಿಂತ. ಡೆಲ್ಲಾ ಅದನ್ನು ಮಡಿಸಿ ಕುರ್ಚಿಯ ಮೇಲಿಟ್ಟಳು.

ಹೂಳುವ ಮೊದಲು ಊರಿನ ಶವಗಳನ್ನು ಇಡುವ ಆ ಮನೆಯಲ್ಲಿ, ಹಜಾರದ ಆಚೆ ಕೋಣೆಯಲ್ಲಿ, ಇನ್ನೊಂದು ಪೆಟ್ಟಿಗೆ ಇತ್ತು. ಕಾರು ಮಾರುತ್ತಿದ್ದ ವೆಂಡೆಲ್ ಕ್ರಿಸ್ಪ್ ಕೂಡ ಅದೇ ವಾರ ತೀರಿಕೊಂಡಿದ್ದ. ವಯಸ್ಸಿನಲ್ಲಿದ್ದಾಗ ಸೈನ್ಯದ ಕಚೇರಿಯೊಂದರಲ್ಲಿ ಬೆರಳಚ್ಚುಗಾರನಾಗಿದ್ದವನು ಅವನು. ಅವನ ಪೆಟ್ಟಿಗೆಯ ಮೇಲೆ ದೊಡ್ಡ ಬಾವುಟ ಹೊದಿಸಿದ್ದರು, ನಕ್ಷತ್ರಗಳ ನೀಲಿ ತಲೆಯ ಕಡೆಗೆ, ಸರಿಯಾಗಿ ಎಡಭುಜದ ಮೇಲೆ. ಬಾಗಿಲಲ್ಲಿ ಮಾಜಿ ಸೈನಿಕರ ಸಂಘದ ಮುದುಕರು ಬಿಳಿ ಕೈಗವಸು ಹಾಕಿಕೊಳ್ಳುತ್ತಿದ್ದರು. ಅವರ ಮುಖ್ಯಸ್ಥ ಹೋಬರ್ಟ್ ಸ್ಲೋನ್ ಊರುಗೋಲು ಹಿಡಿದು ಬಂದೂಕುಗಳ ಪೆಟ್ಟಿಗೆಯ ಪಕ್ಕ ನಿಂತಿದ್ದ.

ಡೆಲ್ಲಾ ಅವನ ಹತ್ತಿರ ಹೋದಳು. ಅವಳಿಗೆ ಜನರ ಮುಖ ನೋಡಿ ಮಾತಾಡುವುದು ಚಿಕ್ಕಂದಿನಿಂದಲೂ ಕಷ್ಟ. ಅವನ ಬೂಟಿಗೆ ಹೇಳಿದಂತೆ ಹೇಳಿದಳು.

"ಮಿಸ್ಟರ್ ಸ್ಲೋನ್, ಹೆಂಗೂ ಎಲ್ಲರೂ ಬೆಟ್ಟದ ಸ್ಮಶಾನಕ್ಕೇ ಬರ್ತಿದೀರಲ್ಲ..."

"ಬೇಡಮ್ಮ, ಕೇಳ್ಬೇಡ," ಎಂದ ಅವನು. ದನಿ ಗಡಸಾಗಿರಲಿಲ್ಲ. "ನನ್ನ ಹೆಂಡ್ತಿ ಗುಂಡಿ ತೋಡಿದವನು ನಿಮ್ಮಪ್ಪ. ಬೆಣ್ಣೆ ಕೊಯ್ದಂಗೆ ಅಂಚು ತೆಗೆದಿದ್ದ. ಅವನ ಮೇಲೆ ನಂಗೇನೂ ಇಲ್ಲ. ಆದ್ರೆ ಸೇನೆಯಿಂದ ಕೆಟ್ಟ ಕಾಗದ ತಂದವರಿಗೆ ಗೌರವದ ಗುಂಡು ಹಾರಿಸೋ ಹಾಗಿಲ್ಲ, ಬಾವುಟ ಕೊಡೋ ಹಾಗಿಲ್ಲ. ಕಾಗದ ಬದಲಾಯಿಸೋ ಸೇನೆಯ ಮಂಡಳಿಯವರೇ ಕೂತು ವಿಚಾರಿಸಿ ಇಲ್ಲ ಅಂದ್ರಲ್ಲ."

"ಹೌದು."

"ಅವನ ಬಾಯಿಂದ್ಲೇ ಅಲ್ವಾ ಕೆಟ್ಟಿದ್ದು?"

"ಹೌದು," ಎಂದಳು ಡೆಲ್ಲಾ ಮತ್ತೆ, ಬೂಟಿಗೆ.

*

ಡೆಲ್ಲಾಳ ಅಪ್ಪ ಆರಿನ್ ಟ್ಯಾಕೆಟ್ ಯುದ್ಧದಲ್ಲಿ ಗುಂಡು ಹಾರಿಸಿದವನಲ್ಲ. ವಿಯೆಟ್ನಾಮಿನಲ್ಲಿ ಸತ್ತ ಸೈನಿಕರನ್ನು ತಂದು ಮಲಗಿಸುವ ತಗಡಿನ ಕೊಟ್ಟಿಗೆಯೊಂದಿತ್ತು. ಅವನಿಗೆ ಅಲ್ಲಿ ಕೆಲಸ. ಸತ್ತವರ ಜೇಬು ನೋಡಿ ಹೆಸರು ಗೊತ್ತು ಮಾಡುವುದು, ಮೈ ತೊಳೆಯುವುದು, ಮನೆಗೆ ಕಳಿಸುವುದು. ಕೊಟ್ಟಿಗೆಯ ಹಿಂದೆಯೇ ನಶೆಯ ಬಿಳಿ ಪುಡಿ ಸಿಗುತ್ತಿತ್ತು, ಸಿಗರೇಟಿಗಿಂತ ಸಲೀಸಾಗಿ. ಮನೆಗೆ ಹೊರಡುವ ವಿಮಾನ ಹತ್ತುವ ಮೊದಲು ಎಲ್ಲರ ಮೂತ್ರ ಪರೀಕ್ಷೆ ಮಾಡಿದರು. ಆರಿನ್ ಸಿಕ್ಕಿಬಿದ್ದ. ಸೈನ್ಯ ಅವನಿಗೆ, ನಡತೆ ಸರಿಯಿಲ್ಲವೆಂದು ಬರೆದ ಕೆಟ್ಟ ಕಾಗದ ಕೊಟ್ಟು ಊರಿಗೆ ಕಳಿಸಿತು.

ಊರಿಗೆ ಬಂದ ಮೇಲೆ ಪುಡಿ ಮುಟ್ಟಲಿಲ್ಲ. ಆದರೆ ಕಲ್ಲಿದ್ದಲ ಗಣಿಯವರು ಕಾಗದ ಕೇಳಿದರು, ರೈಲಿನವರೂ ಕೇಳಿದರು. ಬೆಟ್ಟದ ಮೇಲಿನ ಸ್ಮಶಾನದವರು ಕೇಳಲಿಲ್ಲ. ಅಲ್ಲಿ ಗುಂಡಿ ತೋಡಿದ, ಹುಲ್ಲು ಕತ್ತರಿಸಿದ, ಅಲ್ಲೇ ಮುದುಕನಾದ.

ಡೆಲ್ಲಾ ಶಾಲೆ ಬಿಟ್ಟ ವರ್ಷ ಅಪ್ಪ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗತೊಡಗಿದ. ಶವದ ಜೊತೆ ಜನ ಬಂದಾಗ ಗುಂಡಿ ತೋಡಿದವರು ಕಣ್ಣಿಗೆ ಬೀಳಬಾರದು, ಅದು ಅಲ್ಲಿಯ ಪದ್ಧತಿ. ಇಬ್ಬರೂ ಸೀಡರ್ ಮರದ ಹಿಂದೆ ನಿಲ್ಲುತ್ತಿದ್ದರು. ಸತ್ತವನು ಸೈನಿಕನಾಗಿದ್ದರೆ ಸಂಘದವರು ಸಾಲಾಗಿ ನಿಂತು ಮೂರು ಸುತ್ತು ಗುಂಡು ಹಾರಿಸುತ್ತಿದ್ದರು. ಕಹಳೆ ಮೊಳಗುತ್ತಿತ್ತು. ಬಾವುಟವನ್ನು ಮಡಿಸಿ ಮಡಿಸಿ ಮುಕ್ಕೋನ ಮಾಡಿ, ಹಾರಿಸಿದ ಗುಂಡಿನ ಮೂರು ಖಾಲಿ ಹಿತ್ತಾಳೆ ತೋಟಾಗಳನ್ನು ಅದರ ಮಡಿಕೆಯೊಳಗೆ ಸೇರಿಸಿ, ಹೆಂಡತಿಯ ಕೈಗೋ ತಾಯಿಯ ಕೈಗೋ ಕೊಡುತ್ತಿದ್ದರು. ಆಮೇಲೆ ವ್ಯಾನು ಹತ್ತಿ ಹೋಗುತ್ತಿದ್ದರು. ಮರದ ಹಿಂದೆ ಅಪ್ಪ ಅಷ್ಟು ಹೊತ್ತೂ ಟೋಪಿ ತೆಗೆದು ನಿಂತಿರುತ್ತಿದ್ದ.

ಪೆಟ್ಟಿಗೆ ಇಳಿಸಿ ಮಣ್ಣು ಮುಚ್ಚಿ ಆದ ಮೇಲೆ ಅವನಿಗೆ ಇನ್ನೊಂದು ಕೆಲಸ ಇರುತ್ತಿತ್ತು. ಉಳಿದ ತೋಟಾಗಳು ಹುಲ್ಲಿನಲ್ಲಿ ಬಿದ್ದಿರುತ್ತಿದ್ದವು.

"ಬೂಟು ಬಿಚ್ಚು," ಎನ್ನುತ್ತಿದ್ದ ಅಪ್ಪ. "ಹುಲ್ಲಲ್ಲಿ ಕಣ್ಣಿಗೆ ಕಾಣಲ್ಲ, ಅಂಗಾಲಿಗೆ ಗೊತ್ತಾಗುತ್ತೆ. ಅವರು ನಿಂತ ಸಾಲಿನ ಬಲಗಡೆ ನೋಡು. ಆ ಬಂದೂಕು ಬಲಕ್ಕೇ ಉಗುಳೋದು."

"ಇವನ್ನ ಯಾಕಪ್ಪಾ ಹೆಕ್ಕಬೇಕು?"

"ಹುಲ್ಲಿನ ಯಂತ್ರದ ಬ್ಲೇಡಿಗೆ ಸಿಕ್ರೆ ಹಾರ್ತವೆ. ಯಾರದೋ ಸಮಾಧಿ ಕಲ್ಲು ಒಡೆಯುತ್ತೆ, ಯಾರದೋ ಕಣ್ಣು ಹೋಗುತ್ತೆ."

ಅಷ್ಟೇ ಹೇಳುತ್ತಿದ್ದ. ಆದರೆ ಹೆಕ್ಕಿದ್ದನ್ನು ಕಸಕ್ಕೆ ಹಾಕುತ್ತಿರಲಿಲ್ಲ. ಪ್ಯಾಂಟಿಗೆ ಒರೆಸಿ, ಗುದ್ದಲಿ ಇಡುವ ಕೊಟ್ಟಿಗೆಯಲ್ಲಿ ಒಂದು ಕಾಫಿ ಡಬ್ಬಿಗೆ ಹಾಕುತ್ತಿದ್ದ. ಡಬ್ಬಿ ತುಂಬಿದರೆ ಇನ್ನೊಂದು ಡಬ್ಬಿ.

*

ಬೆಟ್ಟಕ್ಕೆ ಹೊರಡಲು ಕಾರುಗಳು ಸಾಲುಗಟ್ಟುತ್ತಿದ್ದಾಗ ಮಿಸ್ ಅಬಟ್ ಬಂದಳು. ದೂರದ ನಗರದಲ್ಲಿ ಇಂಥ ಮಾಜಿ ಸೈನಿಕರ ಪರವಾಗಿ ದುಡ್ಡು ತೆಗೆದುಕೊಳ್ಳದೆ ವಾದಿಸುವ ವಕೀಲೆ. ಡೆಲ್ಲಾಳಿಗಿಂತ ಚಿಕ್ಕವಳು. ಡೆಲ್ಲಾಳ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು.

"ಇವತ್ತು ಹೇಳಬಾರದೇನೋ. ಆದ್ರೆ ಮುಗೀಲಿಲ್ಲ ಇದು. ಮಗಳಾಗಿ ನೀವು ಮಂಡಳಿಯವರನ್ನ ಮತ್ತೆ ಕೇಳಬಹುದು. ಅವರು ಹೇಳದೇ ಇದ್ದದ್ದನ್ನ ನೀವು ಹೇಳಬಹುದು."

"ಏನಂತ?"

"ವಿಯೆಟ್ನಾಮಿನ ಆ ಕೊಟ್ಟಿಗೆ ಅವರನ್ನ ಜೀವನ ಪೂರ್ತಿ ಬಿಡ್ಲಿಲ್ಲ ಅಂತ. ನಿದ್ದೆಯಲ್ಲಿ ಕಿರುಚಿಕೊಂಡು ಏಳ್ತಿದ್ರು, ಕನಸು ಬೀಳ್ತಿತ್ತು ಅಂತ. ಮನೆಯವರ ಮಾತಿಗೆ ಮಂಡಳಿ ಬೆಲೆ ಕೊಡುತ್ತೆ."

"ನಮ್ಮಪ್ಪ ಚೆನ್ನಾಗೇ ನಿದ್ದೆ ಮಾಡ್ತಿದ್ದ," ಎಂದಳು ಡೆಲ್ಲಾ.

ಮಿಸ್ ಅಬಟ್ ಅವಳ ಮುಖ ನೋಡಿದಳು. "ಒಂದು ದಿನಾನೂ...? ಯೋಚನೆ ಮಾಡಿ. ಈ ಸಲ ಬಾವುಟ ಸಿಗುತ್ತೆ ಅಂತ ನಂಗನ್ಸುತ್ತೆ. ಕಲ್ಲಿನ ಮೇಲೆ ಅವರ ದಳದ ಹೆಸರೂ ಕೆತ್ತಿಸಬಹುದು."

"ಯೋಚ್ನೆ ಏನ್ ಬಂತು?" ಎಂದ ವೇಡ್, ಕಾರಿನ ಬಾಗಿಲು ಹಿಡಿದುಕೊಂಡು. "ಹೇಳು ಡೆಲ್ಲಾ. ಕಿರುಚ್ತಿದ್ದ ಅನ್ನು. ಇನ್ನು ಅಪ್ಪ ಎದ್ದು ಬಂದು ಅಲ್ಲ ಅಂತಾನಾ?"

ಡೆಲ್ಲಾ ಕಾರು ಹತ್ತಿದಳು. ಸುಳ್ಳು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಕಾರಿನಲ್ಲಿ ಕೂತು ಬೆಟ್ಟ ಹತ್ತುವಷ್ಟು ಹೊತ್ತೂ ಆ ಮಾತು ಅವಳ ನಾಲಿಗೆಯ ಮೇಲೆಯೇ ಇತ್ತು.

*

ಹೋದ ವಸಂತದಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಮಂಡಳಿಯ ಮುಂದೆ ಮಾತಾಡಿದ್ದರು. ಒಂದು ಕಡೆ ಡೆಲ್ಲಾ, ಒಂದು ಕಡೆ ಮಿಸ್ ಅಬಟ್, ನಡುವೆ ಕ್ಷೌರ ಮಾಡಿಸಿಕೊಂಡು, ಶರಟಿನ ಕತ್ತಿನ ಗುಂಡಿ ಹಾಕಿಕೊಂಡು ಅಪ್ಪ. ಒಲೆಯ ಮೇಲೆ ಹುರುಳಿಕಾಯಿ ಬೇಯುತ್ತಿತ್ತು. ಏನು ಕೇಳುತ್ತಾರೆ, ಏನು ಹೇಳಬೇಕು ಎಂದು ಮಿಸ್ ಅಬಟ್ ಅಪ್ಪನಿಗೆ ಹಲವು ಸಲ ಹೇಳಿಕೊಟ್ಟಿದ್ದಳು.

ಮೊದಲೆಲ್ಲ ಚೆನ್ನಾಗಿಯೇ ನಡೆಯಿತು. ಕೊಟ್ಟಿಗೆ ಎಲ್ಲಿತ್ತು, ಯಾರಿದ್ದರು, ಬಿಸಿಲು ಹೇಗಿತ್ತು, ಎಲ್ಲವನ್ನೂ ಅಪ್ಪ ಹೇಳಿದ. ಆಮೇಲೆ ಫೋನಿನೊಳಗಿನ ಗಂಡಸಿನ ದನಿ ಕೇಳಿತು: "ಮಿಸ್ಟರ್ ಟ್ಯಾಕೆಟ್, ಆ ಕೆಲಸದಿಂದಲೇ ನೀವು ಮಾದಕವಸ್ತುವಿಗೆ ಬಿದ್ದಿರಿ ಅಂತ ಹೇಳ್ತೀರಾ?"

ಹೌದು ಎಂದರೆ ಸಾಕಿತ್ತು. ಮಿಸ್ ಅಬಟ್ ಮೇಜಿನ ಮೇಲೆ ಮುಂದಕ್ಕೆ ಬಾಗಿ ತಲೆ ಆಡಿಸಿದಳು. ಅಪ್ಪ ತನ್ನ ಕೈಗಳನ್ನು ನೋಡಿಕೊಂಡ.

"ನಾನು ತೊಳೆದ ಹುಡುಗ್ರು ಯಾರೂ ನಂಗೆ ಪುಡಿ ಕೊಟ್ಟಿಲ್ಲ ಸಾರ್," ಎಂದ. "ಕೊಟ್ಟಿಗೇಲಿ ನನ್ನ ಜೊತೆ ಇದ್ದ ಬೇರೆಯವರು ಅದನ್ನ ಮುಟ್ಲೂ ಇಲ್ಲ. ಮಾಡಿದವನು ನಾನು. ಅದನ್ನ ತಗೊಂಡ್ ಹೋಗಿ ಅಲ್ಲಿ ಮಲಗಿದ್ದವರ ತಲೆ ಮೇಲೆ ಹೊರಿಸೋಕೆ ನಂಗಾಗಲ್ಲ."

ಫೋನಿನೊಳಗೆ ಯಾರೋ ಕೆಮ್ಮಿದರು. ಆಮೇಲೆ ಧನ್ಯವಾದ ಹೇಳಿದರು.

ಡೆಲ್ಲಾ ಅಂದು ಸೌಟನ್ನು ಕುಕ್ಕಿ ಕೂಗಾಡಿದ್ದಳು, ಜನ್ಮದಲ್ಲಿ ಎಂದೂ ಕೂಗದವಳು. "ಒಂದು ಮಾತು ಅಪ್ಪ! ಒಂದೇ ಒಂದು ಮಾತು! ಅವರು ಸತ್ತು ಎಷ್ಟು ಕಾಲ ಆಯ್ತು, ಅವರಿಗೇನಾಗ್ತಿತ್ತು?"

"ಅವರ ಕಡೆಯಿಂದ ಮಾತಾಡೋರು ಅಲ್ಲಿ ಯಾರೂ ಇರ್ಲಿಲ್ಲ ಕಣೇ," ಎಂದಿದ್ದ ಅಪ್ಪ. "ಹುರುಳಿಕಾಯಿ ತಳ ಹಿಡೀತಿದೆ, ನೋಡು."

*

ಗುಂಡಿಯನ್ನು ವೇಡ್ ಮತ್ತು ಅವನ ಗೆಳೆಯರು ಹಿಂದಿನ ದಿನ ತೋಡಿದ್ದರು. ಒಂದು ಬದಿ ಸ್ವಲ್ಪ ಸೊಟ್ಟಗಿತ್ತು. "ನೋಡಿದ್ರೆ ಬೈತಿದ್ದ," ಎಂದಳು ಓಪಲ್ ಅತ್ತೆ. "ಎದ್ದು ಅವನೇ ಸರಿ ಮಾಡ್ಕೊಂಡು ಮತ್ತೆ ಮಲಗ್ತಿದ್ದ."

ಪಾದ್ರಿ ಪ್ರಾರ್ಥನೆ ಶುರು ಮಾಡಿದರು. ಅರ್ಧಕ್ಕೆ ಬಂದಿದ್ದಾಗ ದಿಣ್ಣೆಯ ಆಚೆ ಕಡೆಯಿಂದ ಕ್ರಿಸ್ಪ್‌ನ ಗೌರವದ ಗುಂಡುಗಳು ಸಿಡಿದವು. ಪಾದ್ರಿ ಮಾತು ನಿಲ್ಲಿಸಿದರು. ಎರಡನೆಯ ಸುತ್ತು, ಮೂರನೆಯ ಸುತ್ತು. ಸೀಡರ್ ಮರದಿಂದ ಹಕ್ಕಿಗಳು ಎದ್ದು ಹಾರಿದವು. ಆಮೇಲೆ ಕಹಳೆ.

"ನಮ್ಮಪ್ಪಂಗೇ ಅಂದ್ಕೊಳ್ಳೋಣ," ಎಂದ ವೇಡ್. "ಯಾರಿಗೆ ಗೊತ್ತಾಗುತ್ತೆ?"

ಡೆಲ್ಲಾ ಅಭ್ಯಾಸಬಲದಿಂದ ಸೀಡರ್ ಮರದ ಕಡೆ ನೋಡಿದಳು. ಅದರ ಹಿಂದೆ ಯಾರೂ ಇರಲಿಲ್ಲ.

ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕಿದರು. ಚರ್ಚಿನ ಹೆಂಗಸರು ಕೆಳಗೆ ಊಟಕ್ಕೆ ಕಾಯುತ್ತಿದ್ದುದರಿಂದ ಜನ ಇಳಿಯತೊಡಗಿದರು.

"ಎಲ್ಲಿಗೇ?" ಎಂದಳು ಓಪಲ್ ಅತ್ತೆ, ಡೆಲ್ಲಾ ಎದುರು ದಿಕ್ಕಿಗೆ ಹೊರಟದ್ದು ಕಂಡು.

"ನಾಳೆ ಹುಲ್ಲು ಕತ್ತರಿಸೋಕೆ ಬರ್ತಾರೆ ಅತ್ತೆ."

ಅತ್ತೆ ಅವಳನ್ನೊಮ್ಮೆ ದಿಟ್ಟಿಸಿದಳು. "ಹೋಗು," ಎಂದಳು. "ನಿನ್ನ ಪಾಲಿನ ಜೋಳದ ರೊಟ್ಟಿ ತೆಗೆದಿಟ್ಟಿರ್ತೀನಿ."

*

ಕ್ರಿಸ್ಪ್‌ನ ಕಡೆಯವರೂ ಹೋಗಿಯಾಗಿತ್ತು. ಡೆಲ್ಲಾ ತನ್ನ ಒಳ್ಳೆಯ ಕಪ್ಪು ಬೂಟು ಬಿಚ್ಚಿ, ಕಾಲುಚೀಲ ಸುತ್ತಿ ಜೇಬಿಗೆ ಹಾಕಿಕೊಂಡು, ಹುಲ್ಲಿನ ಮೇಲೆ ಕಾಲಿಟ್ಟಳು. ಸಂಘದವರು ನಿಂತಿದ್ದ ಜಾಗದಲ್ಲಿ ಹುಲ್ಲು ಮಲಗಿತ್ತು. ಅದರ ಬಲಗಡೆ ನಿಧಾನವಾಗಿ ನಡೆದಳು. ಮೊದಲ ತೋಟಾ ಹಿಮ್ಮಡಿಗೆ ಸಿಕ್ಕಿತು. ಪಾವಡೆಗೆ ಒರೆಸಿ ಬೂಟಿನೊಳಗೆ ಹಾಕಿದಳು. ಇನ್ನೊಂದು, ಮತ್ತೊಂದು.

"ಏನು ಕಳಕೊಂಡೆಯಮ್ಮ?"

ಹೋಬರ್ಟ್ ಸ್ಲೋನ್. ಅವನ ಜೊತೆಗಾರರು ಕೆಳಗೆ ವ್ಯಾನಿನಲ್ಲಿ ಕಾಯುತ್ತಿದ್ದರು. ಅವನು ಹೆಂಡತಿಯ ಕಲ್ಲಿನ ಹತ್ತಿರ ನಿಂತಿದ್ದವನು ಇತ್ತ ಬಂದಿದ್ದ.

ಡೆಲ್ಲಾ ಬೂಟನ್ನು ಓರೆ ಮಾಡಿ ತೋರಿಸಿದಳು. "ಯಂತ್ರಕ್ಕೆ ಸಿಕ್ರೆ ಹಾರ್ತವೆ. ಅಪ್ಪ ಯಾವಾಗ್ಲೂ ಹೆಕ್ತಿದ್ದ."

"ಯಾವಾಗ್ಲೂ ಅಂದ್ರೆ?"

"ನೀವು ಬಂದಾಗಲೆಲ್ಲ."

ಮುದುಕ ಬೂಟಿನೊಳಗೆ ಇಣುಕಿ ನೋಡಿದ. ಆಮೇಲೆ ಸುತ್ತಲಿನ ಕಲ್ಲುಗಳನ್ನು ನೋಡಿದ, ತಾನೇ ನಿಂತು ಬೀಳ್ಕೊಟ್ಟವರನ್ನು. "ಪ್ರತಿ ಸಲ ಬಂದಾಗ ಹುಲ್ಲು ಚೊಕ್ಕಟವಾಗಿರ್ತಿತ್ತು," ಎಂದ. "ಕಾಗೆ ಒಯ್ತವೆ ಅಂದ್ಕೊಂಡಿದ್ವಿ. ಅದನ್ನೇ ಹೇಳ್ಕೊಂಡು ನಗ್ತಿದ್ವಿ, ಇಲ್ಲಿನ ಕಾಗೆಗಳೂ ಸೈನ್ಯಕ್ಕೆ ಸೇರಿದಾವೆ ಅಂತ."

ಡೆಲ್ಲಾ ಇನ್ನೆರಡು ಹೆಜ್ಜೆ ಇಟ್ಟಳು.

"ಆ ವಕೀಲೆ ಮಂಡಳಿಗೆ ಮತ್ತೆ ಬರೀತಾಳಂತೆ," ಎಂದ ಹೋಬರ್ಟ್. "ವೇಡ್ ಹೇಳ್ದ. ನೀನು ಏನೋ ಹೇಳ್ಬೇಕಂತೆ."

"ಹೇಳ್ತೀನಿ. ಅಪ್ಪ ಕಿರುಚ್ತಿದ್ದ ಅಂತ ಮಾತ್ರ ಹೇಳಲ್ಲ."

"ಮತ್ತೇನು ಹೇಳ್ತೀಯ?"

"ನಾನು ನೋಡಿದ್ದು. ಮರದ ಹಿಂದೆ ನಿಲ್ತಿದ್ದ. ಆಮೇಲೆ ಬಂದು ಇದನ್ನ ಹೆಕ್ತಿದ್ದ."

"ಅಷ್ಟಕ್ಕೆ ಅವರು ಬಾವುಟ ಕೊಡ್ತಾರಾ?"

"ಕೊಡಲ್ಲ ಅನ್ಸುತ್ತೆ."

ಕೆಳಗಿನಿಂದ ವ್ಯಾನಿನ ಹಾರನ್ ಕೇಳಿತು. ಹೋಬರ್ಟ್ ಅತ್ತ ತಿರುಗಲಿಲ್ಲ. ಊರುಗೋಲಿನ ತುದಿಯಿಂದ ಹುಲ್ಲನ್ನು ಮೆಲ್ಲಗೆ ಸರಿಸಿದ. "ಇಲ್ಲೊಂದಿದೆ," ಎಂದ. ಡೆಲ್ಲಾ ಅಲ್ಲಿಗೆ ಬರುವ ಮೊದಲೇ ಅವನು ಊರುಗೋಲಿಗೆ ಭಾರ ಬಿಟ್ಟು, ಒಂದು ಮೊಣಕಾಲು ಊರಿ, ನರಳುತ್ತಾ ಕೆಳಗೆ ಬಾಗಿದ. ಬಿಳಿ ಕೈಗವಸು ಹುಲ್ಲಿನೊಳಗೆ ಹೋಗಿ ತಡಕಾಡಿತು. ಹೊರಗೆ ಬಂದಾಗ ಅದರ ಬೆರಳುಗಳು ಹಸಿರಾಗಿದ್ದವು.

ಅವನು ತೋಟಾವನ್ನು ಪ್ಯಾಂಟಿಗೆ ಒರೆಸಿ ಅವಳ ಕಡೆ ಚಾಚಿದ. ಡೆಲ್ಲಾ ಬೂಟನ್ನು ಮುಂದೆ ಹಿಡಿದಳು.