ಸೋದರಮಾವನ ಮನೆಯ ಬಟ್ಟಲು

ಮಹಾನದಿಯ ದಡದಲ್ಲಿ ಕಂಸಾರಿಗಳ ಬೀದಿಯೊಂದಿದೆ. ಕಮ್ಮಟಗಳಲ್ಲಿ ಕಂಚನ್ನು ಕೆಂಪಗೆ ಕಾಯಿಸಿ, ಬಡಿದು, ಪಾತ್ರೆ ಮಾಡುವವರು ಅಲ್ಲಿನವರು. ಆ ಬೀದಿಯ ಹೆಂಗಸರು ಬಟ್ಟಲುಗಳಿಗೆ ಹುಣಿಸೆಹಣ್ಣು ಉಜ್ಜುತ್ತ ಕುಳಿತಾಗ ಹೇಳಿಕೊಳ್ಳುವ ಕತೆಯಿದು. ಹೇಳುವವರ ಬಾಯಲ್ಲಿ ಅಷ್ಟಿಷ್ಟು ಬದಲಾದರೂ, ಸೇಬತಿಯ ಹೆಸರೂ ಅವಳ ಮಗಳು ಕುನಿಯ ಹೆಸರೂ ಎಲ್ಲರಲ್ಲಿ ಒಂದೇ.

ಕುನಿಗೆ ಆರು ತಿಂಗಳು ತುಂಬಿದ ಮೇಲೆ ಹೊಟ್ಟೆ ಕೆಟ್ಟಿತು. ವಾಸಿಯಾಯಿತು, ಮತ್ತೆ ಕೆಟ್ಟಿತು. ಮತ್ತೊಮ್ಮೆ ಹಾಗೆಯೇ ಆದಾಗ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಔಷಧ ಬರೆಯುವ ಮುನ್ನ ಮಗುವಿಗೆ ಯಾವುದರಲ್ಲಿ ಕುಡಿಸುತ್ತೀಯೆಂದು ಕೇಳಿದರು. ಸೇಬತಿ ಚೀಲದಿಂದ ಮೂತಿಯಿದ್ದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಲೋಟ ತೆಗೆದಳು. ಡಾಕ್ಟರಮ್ಮ ಅದರ ಮೂತಿಯೊಳಗೆ ಕಡ್ಡಿಯಾಡಿಸಿ ತೆಗೆದರು. ಕಡ್ಡಿಯ ತುದಿಯಲ್ಲಿ ಕಪ್ಪು ಲೋಳೆಯಿತ್ತು.

"ಇದನ್ನ ಕುದಿಸ್ತೀಯಾ?"

"ಒಂದ್ಸಲ ಕುದಿಸ್ದೆ. ಸೊಟ್ಟಗಾಯ್ತು. ಹಾಲೆಲ್ಲಾ ಅದರದ್ದೇ ವಾಸನೆ."

"ಬಿಸಿ ತಡೀದೇ ಇರೋದಕ್ಕೆ ಬಿಸಿ ಹಾಲು ಸುರೀತೀಯಲ್ಲಮ್ಮ! ಬಾಯಗಲದ ಬಟ್ಟಲು ತಗೋ, ಜೊತೆಗೆ ಕುಡಿಸೋಕೊಂದು ಒಳಲೆ. ನಿನ್ನ ಬೆರಳು ಅದರ ಮೂಲೆಮೂಲೆಗೂ ಹೋಗ್ಬೇಕು, ಅದು ಕುದಿಯೋ ನೀರಿಗೆ ಹೆದರ್ಬಾರ್ದು. ಅಷ್ಟಿದ್ರೆ ಸಾಕು. ಯಾವ ಬೀದಿಯವಳು ನೀನು?"

ಸೇಬತಿ ಬೀದಿಯ ಹೆಸರು ಹೇಳಿದಳು. ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಊರಿಗೆಲ್ಲಾ ಬಟ್ಟಲು ಬಡಿದುಕೊಡೋ ಬೀದಿ!"

ಮನೆಗೆ ಬಂದು ಸೇಬತಿ ಲೋಟವನ್ನು ಎಸೆದಳು. ಅತ್ತೆ ಹಾರಾಬತಿಯನ್ನು ಅವಳೂ ಗಂಡನಂತೆ 'ಬೋಉ', ಅಮ್ಮ, ಎಂದೇ ಕರೆಯುತ್ತಿದ್ದಳು. ಇಬ್ಬರೂ ಸೇರಿ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿದರು. ಒಂದು ಹಿತ್ತಾಳೆ ಬಟ್ಟಲು ಸಿಕ್ಕಿತು. ಹಾರಾಬತಿ ಅದರ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಕಲಾಯಿ ಎಲ್ಲಾ ಹೋಗಿದೆ. ಇದ್ರಲ್ಲಿ ಮೊಸರನ್ನ ಹಾಕಿದ್ರೆ ಹಸಿರುಗಟ್ಟುತ್ತೆ. ಬೇಡ."

"ಗಾಜಿನದು ತರ್ಸೋಣ್ವಾ ಬೋಉ?"

"ನಿನ್ನ ಮಗಳು ಕೈಗೆ ಸಿಕ್ಕಿದ್ದನ್ನೆಲ್ಲಾ ಎಸೀತಾಳೆ. ಆಮೇಲೆ ಚೂರು ಆರಿಸ್ತಾ ಕೂತಿರು."

ಸಂಜೆ ಸೇಬತಿಯ ಗಂಡ ದೈತಾರಿ ಪೇಟೆಯಿಂದ ಸ್ಟೀಲ್ ಬಟ್ಟಲೊಂದನ್ನು ತಂದ. ಅಂಚು ಮಡಚದ, ನುಣ್ಣನೆಯ ಬಟ್ಟಲು. ಹಾರಾಬತಿ ಅದನ್ನು ಕುದಿಸಿದಳು, ಮೂಸಿದಳು, ಬೆರಳಾಡಿಸಿದಳು, ತಪ್ಪು ಸಿಗಲಿಲ್ಲ. ಕುನಿ ಅಂದಿನಿಂದ ಅದರಲ್ಲೇ ಹಾಲು ಕುಡಿದಳು, ಹೊಟ್ಟೆ ಕೆಡುವುದೂ ನಿಂತಿತು. ಆದರೆ ಏಳು ತಿಂಗಳು ತುಂಬುವಾಗ ಅನ್ನಪ್ರಾಶನ. ಆ ದಿನದ ಮೊದಲ ತುತ್ತು ಸ್ಟೀಲಿನದಾಗಬಾರದು, ಕಂಚಿನದಾಗಬೇಕು. ಕಂಚಾದರೂ ತಂದೆಯ ಮನೆಯದಾಗಬಾರದು. ಬಟ್ಟಲೂ ಒಳಲೆಯೂ ಸೋದರಮಾವನ ಮನೆಯಿಂದಲೇ ಬರಬೇಕು. ತಂದೆಯ ಕುಲದ ಕಮ್ಮಟದ ಸುತ್ತಿಗೆ ಅದನ್ನು ಮುಟ್ಟುವಂತಿಲ್ಲ. ಅದಕ್ಕೇ ಆ ಬೀದಿಯ ಬಟ್ಟಲುಗಳು ಬೇರೆ ಊರ ಮಕ್ಕಳಿಗೆ ಹೋಗುತ್ತವೆ, ಬೇರೆ ಊರವು ಇಲ್ಲಿಗೆ ಬರುತ್ತವೆ.

ಸೇಬತಿಗೆ ಅಣ್ಣತಮ್ಮಂದಿರಿಲ್ಲ, ಒಬ್ಬಳೇ ಮಗಳು. ಹಿಂದಿನ ವರ್ಷ ಅಪ್ಪನೂ ತೀರಿಕೊಂಡಿದ್ದ. ಆಚೆ ದಡದ ಅವನ ಕಮ್ಮಟದಲ್ಲಿ ಈಗ ಬೇರೆಯವರು ಬಡಿಯುತ್ತಿದ್ದರು. ಗುಲಾಬಿ ಲೋಟವನ್ನು ಸೇಬತಿ ತಾನೇ ಸಂತೆಯಲ್ಲಿ ಕೊಂಡು, "ತವರಿಂದ ಕಳಿಸಿದ್ರು" ಎಂದು ಬೀದಿಗೆಲ್ಲ ಹೇಳಿಕೊಂಡಿದ್ದಳು.

"ನಂಗೆ ಗೊತ್ತಿತ್ತು ಬಿಡೇ," ಎಂದಳು ಹಾರಾಬತಿ, ಸೊಸೆಯ ತಲೆಗೆ ಎಣ್ಣೆ ಹಚ್ಚುತ್ತ. "ಕಳಿಸೋರಾದ್ರೂ ಯಾರಿದ್ದಾರೆ ನಿಂಗೆ?"

ಆಗ ಸೇಬತಿ ಅತ್ತಳು. ಬಟ್ಟಲಿಗಾಗಿ ಅಲ್ಲ. ಹಸೆಮಣೆಯ ಮೇಲೆ ಕುನಿ ಕುಳಿತಾಗ ಸೋದರಮಾವನ ಜಾಗ ಖಾಲಿ ಇರುವುದನ್ನು ಬೀದಿಯೆಲ್ಲ ನೋಡುತ್ತದೆ, ಬುದ್ಧಿ ಬಂದ ಮೇಲೆ ಕುನಿಯೂ ಕೇಳುತ್ತಾಳೆ, ಎಂದು.

ಜಗುಲಿಯ ಮೇಲೆ ಕೆಮ್ಮು ಕೇಳಿಸಿತು. ದೈತಾರಿಯ ಅಣ್ಣ ಉಚ್ಛಬ ಬಂದಿದ್ದ. ಸೇಬತಿ ಸೆರಗೆಳೆದುಕೊಂಡು ಬಾಗಿಲ ಹಿಂದೆ ಸರಿದಳು. ಮದುವೆಯಾಗಿ ಬಂದಂದಿನಿಂದ ಅವಳು ಅವನೆದುರು ಮುಖ ತೆರೆದಿರಲಿಲ್ಲ, ಮಾತಾಡಿರಲಿಲ್ಲ. ಗಂಡನ ಅಣ್ಣನ ನೆರಳನ್ನೂ ಅಲ್ಲಿ ತುಳಿಯುವುದಿಲ್ಲ. ಅವನೂ ತಮ್ಮನ ಹೆಂಡತಿಗೆ ಹೇಳಬೇಕಾದುದನ್ನು ಜಗುಲಿಯ ಕಂಬಕ್ಕೆ ಹೇಳುತ್ತಿದ್ದ. ಹೆಂಡತಿಯನ್ನು ಕಳೆದುಕೊಂಡವನು, ಮಕ್ಕಳಿಲ್ಲದವನು. ಕಮ್ಮಟದಲ್ಲಿ ಐವರು ಸುತ್ತ ನಿಂತು ಸರದಿಯಂತೆ ಬಡಿಯುವಾಗ ಮೊದಲ ಪೆಟ್ಟು ಅವನದು. ಉಳಿದ ನಾಲ್ವರು ಅವನ ಪೆಟ್ಟು ಕೇಳಿ ಬಡಿಯುತ್ತಿದ್ದರು.

"ಏ ಕಂಬ," ಎಂದ ಉಚ್ಛಬ, "ಒಳಗೆ ಅಳೋರಿಗೆ ಹೇಳು. ಸೋದರಮಾವ ಇಲ್ಲ ಅಂದ್ರೆ ಒಬ್ಬನ್ನ ಮಾಡ್ಕೊಂಡ್ರಾಯ್ತು."

"ಸೋದರಮಾವನ್ನ ಮಾಡೋಕೆ ಅವನೇನು ಚೊಂಬಾ?" ಎಂದಳು ಹಾರಾಬತಿ.

ಉಚ್ಛಬ ದೇವರ ಗೂಡಿನಿಂದ ಸಣ್ಣ ಬಟ್ಟೆಯ ಗಂಟು ತಂದ. ಅದರಲ್ಲಿದ್ದುದು ಪುರಿಯ ಜಗನ್ನಾಥನ ಮಹಾಪ್ರಸಾದ, ಒಣಗಿದ ಅನ್ನ. ಅದನ್ನು ಹಂಚಿಕೊಂಡು ತಿಂದು ಕಟ್ಟಿಕೊಂಡ ನಂಟನ್ನು ಯಾರೂ ಮುರಿಯುವಂತಿಲ್ಲ. ಎರಡು ಅಗುಳು ತೆಗೆದು ಒಂದನ್ನು ತಾನು ಬಾಯಿಗಿಟ್ಟುಕೊಂಡ. ಇನ್ನೊಂದನ್ನು ಹೊಸ್ತಿಲ ಮೇಲಿಟ್ಟು ದೂರ ಸರಿದು ನಿಂತ.

ಹಾರಾಬತಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಹುಚ್ಚು ಹಿಡೀತೇನೋ? ತಮ್ಮನ ಹೆಂಡ್ತಿಗೆ ಅಣ್ಣ ಆಗ್ತೀಯಾ? ಹಾಗಾದ್ರೆ ನಿನ್ನ ತಮ್ಮ ನಿಂಗೆ ಭಾವ ಆದ! ನಾನ್ಯಾರೋ ನಿಂಗೆ? ತಂಗಿಯ ಅತ್ತೆಯಾ?"

"ಹಾಗೇ ಇಟ್ಕೋ. ಬೀಗಿತ್ತಿ ಆದ್ರೆ ನನ್ನ ಬಯ್ಯೋದನ್ನಾದ್ರೂ ಸ್ವಲ್ಪ ಕಮ್ಮಿ ಮಾಡ್ತೀಯೇನೋ."

ಅಂಗಳದಲ್ಲಿದ್ದ ದೈತಾರಿ ನಕ್ಕ. ಹಾರಾಬತಿಗೂ ನಗು ಬಂತು. ಬಾಗಿಲ ಹಿಂದಿನಿಂದ ಬಳೆಯ ಕೈಯೊಂದು ಹೊರಗೆ ಬಂದು ಹೊಸ್ತಿಲ ಮೇಲಿನ ಅಗುಳನ್ನು ತೆಗೆದುಕೊಂಡಿತು.

ಮರುದಿನ ಉಚ್ಛಬ ತನ್ನ ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ ದೋಣಿ ಹತ್ತಿ ಆಚೆ ದಡಕ್ಕೆ ಹೋದ. ಅಣ್ಣನಾದ ಮೇಲೆ ಸೇಬತಿಯ ತವರೇ, ಅವಳಪ್ಪ ಬಡಿಯುತ್ತಿದ್ದ ಆ ಕಮ್ಮಟವೇ, ಅವನ ಮನೆ ತಾನೆ. ಬಟ್ಟಲು ಅಲ್ಲಿಂದಲೇ ಬರಬೇಕು. ನಾಲ್ಕು ದಿನದಲ್ಲಿ ಬರುತ್ತೇನೆಂದಿದ್ದ. ಬರಲಿಲ್ಲ. ಇಲ್ಲಿ ಅವನ ಪೆಟ್ಟಿಲ್ಲದೆ ನಾಲ್ವರ ತಾಳ ತಪ್ಪುತ್ತಿತ್ತು. "ನಿನ್ನ ಭಾವನ ಭಾವಮೈದ ಎಲ್ಲೋ?" ಎಂದು ಜೊತೆಯವರು ದೈತಾರಿಯನ್ನು ಕಾಡುತ್ತಿದ್ದರು. ಲೆಕ್ಕ ಹಾಕಿದರೆ ಅದು ದೈತಾರಿಯೇ ಆಗುತ್ತಿತ್ತು. ಅವನು ಬೆರಳು ಮಡಚುತ್ತ ಗೊಂದಲಕ್ಕೆ ಬೀಳುವುದನ್ನು ನೋಡಿ ಅವರಿಗೆ ಮತ್ತಷ್ಟು ನಗು.

ಅನ್ನಪ್ರಾಶನದ ದಿನ ಬಂತು. ಹಸೆಮಣೆ ಹಾಕಿದರು, ಅಕ್ಕಿ ಹಾಲು ಬೆಲ್ಲದ ಖೀರಿ ಆರುತ್ತಿತ್ತು. ಪುರೋಹಿತರು ಎರಡು ಸಲ ಹೊತ್ತು ನೋಡಿದರು. ನೆರೆಹೊರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾರಾಬತಿ ಸದ್ದಿಲ್ಲದೆ ಒಳಗೆ ಹೋಗಿ, ಸ್ಟೀಲ್ ಬಟ್ಟಲನ್ನು ತೊಳೆದು ತಂದು ಬಾಳೆಲೆಯ ಪಕ್ಕದಲ್ಲಿಟ್ಟಳು. ಸೇಬತಿ ಅದನ್ನು ನೋಡಿದಳು. ಹೆದರಿಕೆಯಾಯಿತೇ ಹೊರತು, ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಮಗುವಿನ ಹೊಟ್ಟೆ ಕಾಪಾಡಿದ್ದು ಅದೇ ಬಟ್ಟಲು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಉಚ್ಛಬ ಕಾಣಿಸಿದ. ಮೊಣಕಾಲವರೆಗೆ ಕೆಸರು, ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಬಾಳೆಗೊನೆ, ಅರಳು, ಹೊಸ ಸೀರೆ. ಈ ಸಲ ಅವನು ಜಗುಲಿಯಲ್ಲಿ ಕೆಮ್ಮಲಿಲ್ಲ. ತವರಿಂದ ಬಂದವರಂತೆ ನೇರವಾಗಿ ಅಂಗಳಕ್ಕೆ ಬಂದು ನಿಂತ.

ಬೀದಿಯವರೆಲ್ಲ ಸೇಬತಿಯತ್ತ ತಿರುಗಿದರು. ಸೇಬತಿ ಮಗುವನ್ನು ಗಂಡನ ಕೈಗಿತ್ತು ಎದ್ದಳು. ತಂಬಿಗೆಯಲ್ಲಿ ನೀರು ತಂದಳು. ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು. ಕೃತಜ್ಞತೆಯ ಮಾತುಗಳನ್ನು ಅವಳು ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದಳಂತೆ. ಬಾಯಿಂದ ಬಂದದ್ದು ಬೇರೆ.

"ಇಷ್ಟು ತಡ ಮಾಡ್ತಾರಾ ಭಾಯಿ? ನನ್ನ ಜೀವ ಬಾಯಿಗೆ ಬಂದಿತ್ತು! ಒಂದು ಮಾತು ಹೇಳಿ ಕಳಿಸೋಕಾಗ್ಲಿಲ್ವಾ?"

ಉಚ್ಛಬ ತಪ್ಪು ಮಾಡಿದ ಹುಡುಗನಂತೆ ತಲೆ ಕೆರೆದುಕೊಂಡ. "ಒಡೆದುಹೋಯ್ತು ಕಣವ್ವ. ಆ ಕಮ್ಮಟದಲ್ಲಿ ಅವರು ನನ್ನನ್ನ ಕೊನೇ ಸುತ್ತಿಗೆಗೆ ನಿಲ್ಲಿಸಿದ್ರು. ಇಷ್ಟು ವರ್ಷ ಮೊದಲು ಬಡಿದ ಕೈ, ಕೇಳ್ಬೇಕಲ್ಲ! ಸರದಿಗೆ ಮುಂಚೆ ಬಿತ್ತು, ಬಟ್ಟಲು ಸೀಳ್ತು. ಎರಡನೇದೂ ಸೀಳ್ತು. 'ಯಜಮಾನ್ರೇ, ಇಲ್ಲಿ ನೀವು ಯಜಮಾನ್ರಲ್ಲ' ಅಂತ ನಕ್ಕರು. ಕಾದು ಬಡಿಯೋದನ್ನ ಕಲ್ತು ಬಂದೆ."

ಬುಟ್ಟಿಯ ತಳದಿಂದ ಬಟ್ಟಲು ತೆಗೆದ. ಅಂಗೈ ಹಿಡಿಸುವಷ್ಟು ಅಗಲ. ಬೆಸುಗೆಯಿಲ್ಲ, ಮಡಿಕೆಯಿಲ್ಲ, ಕೊಳೆ ಕೂರುವ ಮೂಲೆಯೊಂದಿಲ್ಲ. ಜೊತೆಗೆ ಚಿಪ್ಪಿನಾಕಾರದ ಪುಟ್ಟ ಒಳಲೆ. ಹಾರಾಬತಿ ಎರಡನ್ನೂ ಕುದಿಯುವ ನೀರಿಗೆ ಹಾಕಿ ತೆಗೆದಳು. ಬಟ್ಟಲನ್ನು ಬೆರಳ ತುದಿಯಲ್ಲಿ ತೂಗಿ ಉಗುರಿನಿಂದ ಮೀಟಿದಳು. ನಾದ ಅಂಗಳ ದಾಟಿ ಹೋಯಿತು.

"ಬೀಗರದು ಒಳ್ಳೇ ಕಂಚು," ಎಂದಳು ಗಂಭೀರವಾಗಿ. ಎಲ್ಲರೂ ನಕ್ಕರು.

ಸೋದರಮಾವನ ಜಾಗದಲ್ಲಿ ಉಚ್ಛಬ ಕುಳಿತ. ತೊಡೆಯ ಮೇಲೆ ಕುನಿ. ಒಳಲೆಯ ತುದಿ ತುಟಿಗೆ ತಾಗಿದೊಡನೆ ಅವಳು ಬಾಯಿ ತೆರೆದಳು, ಖೀರಿ ನುಂಗಿದಳು. ಬಳಿಕ ಒಳಲೆಯನ್ನೇ ವಸಡಿನಲ್ಲಿ ಕಚ್ಚಿ ಹಿಡಿದು ಬಿಡಲೊಲ್ಲದೆ ಹೋದಳು.

ಸೇಬತಿ ಉಚ್ಛಬನ ಪಾದಕ್ಕೆ ಹಣೆ ಮುಟ್ಟಿಸಿದಳು. ಅವಳ ಜೀವಮಾನದಲ್ಲಿ ಅವನನ್ನು ಮುಟ್ಟಿದ್ದು ಅದೇ ಮೊದಲು.

"ನಂಗಿನ್ನು ತವರಿದೆ ಭಾಯಿ," ಎಂದಳು.

ಉಚ್ಛಬ ಸುತ್ತಿಗೆ ಹಿಡಿದು ಜಡ್ಡುಗಟ್ಟಿದ ಕೈಯನ್ನು ಅವಳ ತಲೆಯ ಮೇಲಿಟ್ಟ. ಕುನಿ ಒಳಲೆಯನ್ನು ಬಿಟ್ಟು ಇನ್ನೊಂದು ತುತ್ತಿಗಾಗಿ ಕಿರುಚಿದಳು. ಅವನು ಬಾಗಿ ಬಟ್ಟಲಿನಿಂದ ಒಳಲೆಯನ್ನು ಮತ್ತೆ ತುಂಬಿಸಿದ.